ರೆಡ್ಡು ಗೆರೆ ತುಳಿದದ್ದು

ನಮ್ಮ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ರೆಡ್ಡು ಎಂದೇ ಕರೆಯುವುದು. ಕೇರಂ ಬೋರ್ಡಿನ ನಡುವೆ ಕೂತಿರುತ್ತದಲ್ಲ, ಆ ಕೆಂಪು ಕಾಯಿ, ಅದನ್ನು ಅವಳು ಬೇರೆಯವರಿಗೆ ಬಿಟ್ಟುಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಸೋತಾಗ ಅವಳ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ, ಆದರೆ ಅದನ್ನು ನೋಡುವ ಭಾಗ್ಯ ನಮಗೆ ಸಿಗುವುದು ಅಪರೂಪ. ನಾನು ಅವಳ ಜೋಡಿ. ಆಟದಲ್ಲೂ ಜೋಡಿ, ಕೆಲಸದಲ್ಲೂ ಜೋಡಿ. ಹೋಟೆಲುಗಳಿಂದ ಬರುವ ದೊಡ್ಡ ಬೆಡ್‌ಶೀಟುಗಳನ್ನು ಮಡಿಸಲು ಇಬ್ಬರು ಬೇಕು. ಆಚೆಯ ಎರಡು ಮೂಲೆ ಅವಳ ಕೈಯಲ್ಲಿ, ಈಚೆಯ ಎರಡು ನನ್ನ ಕೈಯಲ್ಲಿ. ಒಮ್ಮೆ ಜಗ್ಗಿ ಸುಕ್ಕು ಬಿಡಿಸಬೇಕು, ಹತ್ತಿರ ಬಂದು ಮೂಲೆಗಳನ್ನು ಒಬ್ಬಳ ಕೈಗೆ ಕೊಡಬೇಕು, ಜೋತುಬಿದ್ದ ಮಡಿಕೆಯನ್ನು ಹಿಡಿದು ಮತ್ತೆ ಹಿಂದೆ ಸರಿಯಬೇಕು. ಮಾತಿಲ್ಲದೆ ನಡೆಯುವ ಕೆಲಸ. ಅವಳು ಜಗ್ಗುವ ರೀತಿಯಲ್ಲೇ ಅವತ್ತು ಅವಳ ಮನಸ್ಸು ಹೇಗಿದೆ ಎಂದು ನನಗೆ ಗೊತ್ತಾಗಿಬಿಡುತ್ತದೆ.

ಊಟದ ಹೊತ್ತಿಗೆ ನಾವು ಹಿಂದಿನ ಕೋಣೆಯಲ್ಲಿ, ತಲೆಕೆಳಗಾದ ಸೋಪಿನ ಡ್ರಮ್ಮಿನ ಮೇಲೆ ಬೋರ್ಡು ಇಟ್ಟುಕೊಂಡು ಆಡುತ್ತೇವೆ. ರೆಡ್ಡುವಿಗೆ ಆಟ ಎಂದರೆ ಅದೊಂದೇ. ಬೇರೆ ಯಾವುದಕ್ಕಾದರೂ ಕರೆದು ನೋಡಿ, ಮೂಗು ಮುರಿಯುತ್ತಾಳೆ. ಇಸ್ಪೀಟು ಎಂದರೆ ಅದೃಷ್ಟದಾಟ, ಚೆಂಡಾಟ ಎಂದರೆ ಕುಣಿದಾಟ. ಒಂದು ವರ್ಷ ಲಾಂಡ್ರಿಯವರೆಲ್ಲ ಸೇರಿ ನದಿಯ ದಡಕ್ಕೆ ಹೋಗಿದ್ದೆವು. ಸೂಪರ್‌ವೈಸರ್ ಕೂಡ ಪ್ಯಾಂಟು ಮಡಚಿಕೊಂಡು ಹಗ್ಗ ಜಗ್ಗಾಟಕ್ಕೆ ಇಳಿದರು, ಇವಳು ಮಾತ್ರ ಬಸ್ಸಿನ ನೆರಳಲ್ಲಿ ಊಟದ ಡಬ್ಬಿಗಳನ್ನು ಕಾಯುತ್ತ ಕೂತಳು.

"ಬಾರೇ, ಒಂದ್ಸಲ ಹಗ್ಗ ಹಿಡಿ. ನಿನ್ನ ಗಂಟೇನು ಹೋಗತ್ತೆ?" ಅಂದೆ.

"ಬರದೇ ಇರೋ ಆಟ ಆಡಿ ನಗೆಪಾಟಲಾಗೋಕೆ ನಂಗೇನು ತಲೆ ಕೆಟ್ಟಿದ್ಯಾ?" ಅಂದಳು.

ನನಗೆ ಸಿಟ್ಟು ಬಂದಿತ್ತು. ಗೆಲ್ಲುವ ಕಡೆಗಷ್ಟೇ ಹೋಗುವವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಆದರೆ ಜೋಡಿ ಜೋಡಿಯೇ, ಬಿಡಲಾಗುತ್ತದೆಯೇ?

ಇಂಥವಳು ನಲವತ್ತು ದಾಟುವ ಹೊತ್ತಿಗೆ ಮದುವೆಯಾದಳು. ಹುಡುಗ ಬೇರೆ ಯಾರೂ ಅಲ್ಲ, ನಮ್ಮ ಲಾಂಡ್ರಿಯ ವ್ಯಾನ್ ಡ್ರೈವರ್. ಹುಡುಗ ಎಂದದ್ದು ತಮಾಷೆಗೆ, ಅವನ ತಲೆಯಲ್ಲಿ ಕೂದಲಿಗಿಂತ ಬಯಲೇ ಹೆಚ್ಚು. ಮಡಿಸಿದ ಶೀಟುಗಳ ಗಂಟನ್ನು ವ್ಯಾನಿಗೆ ತುಂಬುವ ನೆಪದಲ್ಲಿ ಬಂದು ಇವಳ ಆಟವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ಮೊದಲ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬ ಮಗಳಿದ್ದಳು, ಹತ್ತು ಹನ್ನೊಂದರ ಹುಡುಗಿ. ನಮ್ಮ ವಸತಿ ಕಟ್ಟಡದಲ್ಲೇ, ನನ್ನ ಮನೆಯ ಮೇಲಿನ ಮಹಡಿಯಲ್ಲಿ ಅವರ ಮನೆ. ಹೀಗಾಗಿ ಮುಂದಿನದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು.

ಹುಡುಗಿ ಹಟಮಾರಿಯಲ್ಲ, ಕಿರಿಕಿರಿಯವಳೂ ಅಲ್ಲ. ಹಾಗಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಹೇಳಿದ ಕೆಲಸ ಮಾಡುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಮಲಗುವ ಮುಂಚೆ ಬಂದು ಹೇಳಿ ಹೋಗುತ್ತಿದ್ದಳು. ಆದರೆ ರೆಡ್ಡುವನ್ನು ಅವಳು ಏನೆಂದೂ ಕರೆಯುತ್ತಿರಲಿಲ್ಲ. ಅಮ್ಮ ಇಲ್ಲ, ಚಿಕ್ಕಮ್ಮ ಇಲ್ಲ. ಬರೀ 'ನೀವು'. ನಿಮಗೆ ಫೋನ್ ಬಂದಿದೆ. ನೀವು ಊಟ ಮಾಡಿದ್ರಾ? ನಿಮ್ಮ ಚಪ್ಪಲಿ ಹೊರಗೆ ಬಿಟ್ಟಿದ್ದೀರಿ. ಅಪ್ಪನ ಜೊತೆ 'ನೀನು, ನೀನು' ಎಂದು ಜಗಳಕ್ಕೆ ಬೀಳುವ ಹುಡುಗಿ, ಸತ್ತ ತಾಯಿಯ ಫೋಟೋ ಒರೆಸುವಾಗ 'ನೀನು ಇವತ್ತು ಎಷ್ಟು ಧೂಳಾಗಿದ್ದೀಯಾ' ಎನ್ನುವ ಹುಡುಗಿ, ಇವಳು ಕೋಣೆಗೆ ಬಂದರೆ ಎದ್ದು ನಿಲ್ಲುತ್ತಿದ್ದಳು.

"ಮರ್ಯಾದೆ ಕೊಡ್ತಾಳೆ, ಒಳ್ಳೇದೇ ಅಲ್ವೇನೇ?" ಅಂದೆ ಒಮ್ಮೆ, ಶೀಟು ಮಡಿಸುತ್ತ.

ರೆಡ್ಡು ಎಷ್ಟು ಜೋರಾಗಿ ಜಗ್ಗಿದಳೆಂದರೆ ನನ್ನ ಕೈಯಿಂದ ಎರಡೂ ಮೂಲೆ ಕಿತ್ತುಕೊಂಡು ಹೋದವು.

"ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂತವರಿಗೂ ಮರ್ಯಾದೆ ಕೊಡ್ತೀವಿ ಕಣೇ. ಅವರ ಸ್ಟಾಪು ಬಂದ ತಕ್ಷಣ ಅವರನ್ನ ಮರೀತೀವಿ."

ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮನೆಯಲ್ಲಿ ಒರೆಸಿದ ಕಪಾಟನ್ನೇ ಮತ್ತೆ ಒರೆಸುತ್ತಿದ್ದಳು. ಊಟದ ಮೇಜಿನ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಇಲ್ಲದ ಸ್ಟ್ರೈಕರ್ ಹೊಡೆಯುತ್ತಿದ್ದಳು. ಆ ಸದ್ದು ಕೆಳಗೆ ನನ್ನ ಅಡುಗೆಮನೆಗೂ ಕೇಳುತ್ತಿತ್ತು.

ಬೇಸಿಗೆ ರಜೆ ಶುರುವಾದಾಗ ಹುಡುಗಿಯ ದೊಡ್ಡಮ್ಮ, ಅಂದರೆ ತೀರಿಕೊಂಡ ತಾಯಿಯ ಅಕ್ಕ, ಬೇರೆ ಊರಿನಿಂದ ಫೋನ್ ಮಾಡಿದರು. ಕೆಟ್ಟ ಹೆಂಗಸಲ್ಲ. ತಂಗಿಯ ಮಗು ಎಂಬ ಕರುಳಿನ ಮಾತು. ಶಾಲೆ ತೆರೆಯುವ ಮುಂಚೆ ಬರುತ್ತೇನೆ, ಮಗು ಇಲ್ಲಿ ಹೊಂದಿಕೊಂಡಿಲ್ಲ ಎಂದರೆ ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ, ಅಲ್ಲೇ ಶಾಲೆಗೆ ಹಾಕುತ್ತೇನೆ ಎಂದರು. ಡ್ರೈವರ್ ಮಗಳನ್ನು ಕೇಳಿದ. "ನೀವು ಹೇಗೆ ಹೇಳ್ತೀರೋ ಹಾಗೆ" ಎಂದಳಂತೆ ಹುಡುಗಿ. ಅವತ್ತು ಅವಳು ಅಪ್ಪನನ್ನೂ ನೀವು ಎಂದಳು ಎಂದು ಹೇಳುವಾಗ ರೆಡ್ಡುವಿನ ಕಣ್ಣು ತುಂಬಿತ್ತು. ತಾನು ಬಂದಿದ್ದರಿಂದಲೇ ಅವನ ಮಗಳು ಅವನಿಗೆ ದೂರವಾಗುತ್ತಿದ್ದಾಳೆ ಎಂದು ಅವಳು ಮನಸ್ಸಿಗೆ ಹಚ್ಚಿಕೊಂಡಳು.

ಅವಳಿಗೆ ಹೊಳೆದ ಉಪಾಯ ಯಾವುದು ಎಂದು ಊಹಿಸಲು ಪಂಡಿತರೇನೂ ಬೇಕಿಲ್ಲ. ಕೇರಂ ಬೋರ್ಡನ್ನು ಮನೆಗೆ ಹೊತ್ತುಕೊಂಡು ಹೋದಳು.

ಹುಡುಗಿ ಎದುರಿಗೆ ಕೂತಳು, ಹೇಳಿಕೊಟ್ಟಂತೆ ಬೆರಳಿಟ್ಟಳು, ಹೊಡೆದಳು. ರೆಡ್ಡುವಿನ ಸರದಿ ಬಂದ ಮೇಲೆ ಬೋರ್ಡು ಖಾಲಿಯಾಯಿತು. ಮತ್ತೊಂದು ಆಟ, ಅದೂ ಅಷ್ಟೇ.

"ನೀವೇ ಗೆದ್ರಿ. ನಾನು ಕೆಳಗೆ ಹೋಗ್ಲಾ?"

ಮರುದಿನ ಇವಳು ಬೇಕೆಂದೇ ಸೋಲಲು ಹೋದಳು. ಪಾಕೆಟ್ಟಿನ ಬಾಯಿಯಲ್ಲೇ ಕೂತಿದ್ದ ಕೆಂಪು ಕಾಯಿಯನ್ನು ಬಿಟ್ಟು ಬೋರ್ಡಿನ ಅಂಚಿಗೆ ಹೊಡೆದಳು. ಎಷ್ಟೋ ವರ್ಷ ಆ ಕೆಂಪನ್ನು ಬಿಡದ ಕೈ, ಬಿಡುವುದಾದರೂ ಹೇಗೆಂದು ಅದಕ್ಕೆ ಗೊತ್ತಿರಬೇಕಲ್ಲ? ಹುಡುಗಿ ಬೋರ್ಡು ನೋಡಿದಳು, ಇವಳ ಮುಖ ನೋಡಿದಳು.

"ಬೇಕಂತಲೇ ಬಿಟ್ರಿ ಅಲ್ವಾ?" ಎಂದು ಮೆಲ್ಲಗೆ ಕೇಳಿ, ಕಾಯಿಗಳನ್ನೆಲ್ಲ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಇವಳ ಕೈಗೆ ಕೊಟ್ಟಳು.

ಮಾರನೆ ದಿನ ಲಾಂಡ್ರಿಯಲ್ಲಿ ರೆಡ್ಡು ಮಡಿಸಿದ ಒಂದು ಶೀಟೂ ನೆಟ್ಟಗಿರಲಿಲ್ಲ. ಸೂಪರ್‌ವೈಸರ್ ಬಂದು, "ಇದೇನಮ್ಮ, ಹೋಟೆಲ್‌ಗೆ ಕಳಿಸ್ತೀರೋ ಗುಜರಿಗೆ ಕಳಿಸ್ತೀರೋ?" ಎಂದು ಹಾರಾಡಿದರು. ನನಗೂ ಬೈಗುಳ ಬಿತ್ತು. ನಾನು ಅದನ್ನು ಹಾಗೇ ಅವಳಿಗೆ ದಾಟಿಸಿದೆ.

"ಆ ಮಗು ಕೆಳಗೆ ಏನು ಆಡತ್ತೆ ಅಂತ ಒಂದು ದಿನ ನೋಡಿದ್ಯಾ ನೀನು?"

"ಕುಂಟೆಬಿಲ್ಲೆ. ಎಲ್ಲಾ ಹುಡುಗೀರೂ ಸೀಮೆಸುಣ್ಣದಲ್ಲಿ ಗೀಚ್ಕೊಂಡು ಕುಪ್ಪಳಿಸ್ತಿರ್ತಾರೆ."

"ಹೋಗಿ ಆಡು."

"ನಾನಾ? ಈ ದೇಹ ಇಟ್ಕೊಂಡಾ?"

"ನಿನ್ನ ಆಟಕ್ಕೆ ಅವಳನ್ನ ಕರೆದು ಕೂರಿಸಿದೆ. ಬಂದಳು, ಸೋತಳು, ಬಾಯಿ ಮುಚ್ಕೊಂಡು ಎದ್ದು ಹೋದಳು. ಅವಳ ಆಟಕ್ಕೆ ಹೋಗೋಕೆ ನಿಂಗೇನು ಧಾಡಿ?"

ನಾನು ಬೈದದ್ದು ಸಿಟ್ಟಿನಿಂದ, ಸಲಹೆ ಕೊಡಬೇಕೆಂದಲ್ಲ. ಆದರೆ ಅವಳು ಶೀಟಿನ ಮೂಲೆ ಹಿಡಿದುಕೊಂಡೇ ನಿಂತುಬಿಟ್ಟಳು. ಆಮೇಲೆ ಎಂದೂ ಹೇಳದಿದ್ದ ಒಂದು ಮಾತು ಹೇಳಿದಳು. ಚಿಕ್ಕಂದಿನಲ್ಲಿ ಅವಳ ಸೊಂಟದ ಮೇಲೆ ಯಾವಾಗಲೂ ಯಾರಾದರೂ ಒಬ್ಬ ತಮ್ಮ ಇರುತ್ತಿದ್ದನಂತೆ. ಒಬ್ಬ ಇಳಿದರೆ ಇನ್ನೊಬ್ಬ ಏರುತ್ತಿದ್ದ. ಬೀದಿಯ ಹುಡುಗಿಯರು ಕುಂಟುತ್ತ ಕುಣಿಯುತ್ತಿದ್ದರೆ ಇವಳು ಅವರ ಚಪ್ಪಲಿ ಕಾಯುತ್ತ ನಿಲ್ಲುತ್ತಿದ್ದಳು. ಮಗುವನ್ನು ಹೊತ್ತುಕೊಂಡು ಕುಂಟಲಾಗುವುದಿಲ್ಲ. ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು, ಒಂದೇ ಕೈಯಲ್ಲಿ ಆಡಬಹುದಾದ ಆಟ ಕೇರಂ. ಅದಕ್ಕೇ ಅದನ್ನು ಕಲಿತಳು.

ಬಸ್ಸಿನ ನೆರಳಲ್ಲಿ ಡಬ್ಬಿ ಕಾಯುತ್ತ ಕೂತದ್ದು ನನಗೆ ನೆನಪಾಯಿತು.

ಅವತ್ತು ಸಂಜೆ ಅವಳು ಕೆಳಗಿಳಿದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಯಲ್ಲಿ ನಿಂತೆ. ಕಟ್ಟಡದ ನಡುವಿನ ಅಂಗಳದಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಸೀಮೆಸುಣ್ಣದ ಮನೆಗಳು. ಗೊತ್ತಲ್ಲ, ಕುಂಟೆಬಿಲ್ಲೆಯಲ್ಲಿ ಒಂದೊಂದು ಚೌಕಕ್ಕೂ ಮನೆ ಎನ್ನುವುದು. ಬಿಲ್ಲೆ ಎಸೆಯಬೇಕು, ಅದು ಬಿದ್ದ ಮನೆಯನ್ನು ಹಾರಿಕೊಂಡು ಒಂಟಿ ಕಾಲಲ್ಲಿ ಕುಂಟುತ್ತ ಹೋಗಿ ಬರಬೇಕು, ಗೆರೆ ತುಳಿದರೆ ಔಟು. ಇವಳನ್ನು ಕಂಡು ಹುಡುಗಿಯರೆಲ್ಲ ಆಟ ನಿಲ್ಲಿಸಿದರು.

"ನನ್ನನ್ನೂ ಸೇರಿಸ್ಕೊಳ್ತೀರಾ?"

ಹುಡುಗಿಯರು ಗುಂಪುಗೂಡಿ ಗುಸುಗುಸು ಮಾಡಿದರು. ಅವರ ಗುಂಪಿನಲ್ಲಿ ಪುಟ್ಟಿ ಎಂಬ ತೀರ ಚಿಕ್ಕ ಮಗುವೊಂದಿತ್ತು, ಯಾರದೋ ತಂಗಿ. ಅಂಥ ಮಕ್ಕಳನ್ನು ಅಳಬಾರದೆಂದು ಆಡಿಸುತ್ತಾರೆ, ಆದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೆರೆ ತುಳಿದರೂ ಔಟಿಲ್ಲ, ಗೆದ್ದರೂ ಗೆಲುವಿಲ್ಲ. ಅವರಲ್ಲಿ ದೊಡ್ಡವಳು ತೀರ್ಪು ಹೇಳಿದಳು:

"ಬನ್ನಿ ಆಂಟಿ. ನೀವೂ ಪುಟ್ಟೀನೂ ಲೆಕ್ಕಕ್ಕಿಲ್ಲ."

ನಮ್ಮ ಚಾಂಪಿಯನ್ ರೆಡ್ಡು ಲೆಕ್ಕಕ್ಕಿಲ್ಲ! ಮೇಲೆ ನಿಂತು ನನಗೇ ಅವಮಾನವಾಯಿತು. ಅವಳ ಮುಖ ಕೆಂಪಾಯಿತು, ಆದರೆ ವಾಪಸು ಬರಲಿಲ್ಲ. ಬಿಲ್ಲೆ ತೆಗೆದುಕೊಂಡು ಏನು ಮಾಡಿದಳು ಗೊತ್ತೆ? ಗೆರೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬಿಲ್ಲೆಯನ್ನು ನೆಲಕ್ಕಿಟ್ಟು, ಒಂದು ಕಣ್ಣು ಮುಚ್ಚಿ ಗುರಿ ಹಿಡಿದು, ಬೆರಳಿನಿಂದ ಟಣ್ಣನೆ ಹೊಡೆದಳು. ಹೆಂಚಿನ ಚೂರು ಸಿಮೆಂಟಿನ ಮೇಲೆ ಜಾರಿ, ಮನೆಗಳನ್ನೆಲ್ಲ ದಾಟಿ, ಟ್ಯಾಂಕಿನ ಕೆಳಗೆ ಹೋಗಿ ಸೇರಿಕೊಂಡಿತು.

"ಅಯ್ಯೋ, ಹಾಗಲ್ಲ ಆಂಟಿ! ನಿಂತ್ಕೊಂಡು ಎಸೀಬೇಕು!"

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ. ಡ್ರೈವರ್ ಮಗಳು ತಲೆ ತಗ್ಗಿಸಿಕೊಂಡು ಟ್ಯಾಂಕಿನ ಕೆಳಗೆ ಕೈ ಹಾಕಿ ಬಿಲ್ಲೆ ತಂದುಕೊಟ್ಟಳು.

"ಪರವಾಗಿಲ್ಲ, ನೀವು ಆಡಿ. ನಿಮಗೆ ಔಟ್ ಇಲ್ಲ."

ರೆಡ್ಡು ನಿಂತು ಎಸೆದಳು. ಬಿಲ್ಲೆ ಮನೆಯ ನಟ್ಟನಡುವೆ ಬಿತ್ತು, ಗುರಿ ಎಲ್ಲಿ ಹೋಗುತ್ತದೆ? ಆದರೆ ಕುಂಟಲು ಕಾಲೆತ್ತಿದ್ದೇ ತಡ, ಎರಡನೆಯ ಮನೆಯಲ್ಲೇ ಮುಗ್ಗರಿಸಿ ಪುಟ್ಟಿಯ ಮೇಲೆ ಬೀಳುವುದರಲ್ಲಿದ್ದಳು.

ರಾತ್ರಿ ಊಟದ ಮೇಲೆ ಮೆಟ್ಟಿಲಲ್ಲಿ ಸಿಕ್ಕಾಗ, "ಸಾಕಾಯ್ತಾ?" ಅಂದೆ.

"ನಾಳೆ ಮತ್ತೆ ಹೋಗ್ತೀನಿ. ಆ ಪುಟ್ಟಿ ನನಗಿಂತ ಚೆನ್ನಾಗಿ ಕುಂಟತ್ತೆ ಕಣೇ!" ಎಂದು ಹಲ್ಲು ಕಡಿದಳು.

ಅಲ್ಲಿಂದ ಮುಂದೆ ನಮ್ಮ ಲಾಂಡ್ರಿಯ ಕಥೆ ಕೇಳಬೇಡಿ. ಊಟದ ಹೊತ್ತಿಗೆ ಕೇರಂ ಬೋರ್ಡು ಗೋಡೆಗೆ ಒರಗಿಯೇ ಇರುತ್ತಿತ್ತು. ರೆಡ್ಡು ಒಗೆಯುವ ಯಂತ್ರಗಳ ನಡುವಿನ ಟೈಲ್ಸಿನ ಮೇಲೆ ಸೆರಗು ಸಿಕ್ಕಿಸಿಕೊಂಡು ಕುಂಟುತ್ತಿದ್ದಳು, ಸೋಪಿನ ತುಂಡೇ ಬಿಲ್ಲೆ. ಮೊದಮೊದಲು ನಕ್ಕ ಹೆಂಗಸರು ಆಮೇಲೆ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಇಸ್ತ್ರಿ ವಿಭಾಗದವಳು ಗರ್ಭಿಣಿ, ಅವಳನ್ನು ತೀರ್ಪುಗಾರ್ತಿಯನ್ನಾಗಿ ಮಾಡಿದೆವು. ನನ್ನನ್ನೂ ಎಳೆದರು. ನನ್ನ ಮಂಡಿಯ ಸಂಗತಿ ಗೊತ್ತಿದ್ದೂ ಹೋದೆ, ಮೂರನೆಯ ಮನೆಯಲ್ಲಿ ಕೂತೇಬಿಟ್ಟೆ, ಏಳಿಸಲು ಇಬ್ಬರು ಬರಬೇಕಾಯಿತು. ನಗು ತಡೆಯಲಾಗದೆ ಎಲ್ಲರ ಕಣ್ಣಲ್ಲೂ ನೀರು. ಇಷ್ಟು ವರ್ಷ ಕೇರಂನಲ್ಲಿ ಇವಳ ಜೊತೆ ಗೆದ್ದು ಗೆದ್ದು ನಾನು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಗೊತ್ತಿರುವ ಆಟದಲ್ಲಿ ನಾವು ಅಚ್ಚುಕಟ್ಟಾಗಿರುತ್ತೇವೆ, ಯಾರಿಗೂ ನಮ್ಮ ಕೈ ಹಿಡಿದು ಏಳಿಸುವ ಸಂದರ್ಭವೇ ಬರುವುದಿಲ್ಲ. ಇದು ನನಗೆ ಆ ಟೈಲ್ಸಿನ ಮೇಲೆ ಕೂತಾಗ ಹೊಳೆಯಿತು.

ಆದರೆ ರೆಡ್ಡುವಿನ ತಳಮಳ ಇಳಿಯಲಿಲ್ಲ. ದಿನಾ ಸಂಜೆ ಅಂಗಳಕ್ಕೆ ಹೋಗುತ್ತಿದ್ದಳು, ದಿನಾ ಅದೇ 'ನೀವು', ದಿನಾ ಅದೇ 'ಲೆಕ್ಕಕ್ಕಿಲ್ಲ'. ಹುಡುಗಿ ಬಿಲ್ಲೆ ತಂದುಕೊಡುತ್ತಿದ್ದಳು, ಕಾಲು ಎಲ್ಲಿಡಬೇಕೆಂದು ತೋರಿಸುತ್ತಿದ್ದಳು, ಬಿದ್ದರೆ ನೀರು ತರುತ್ತಿದ್ದಳು. ಒಂದು ಸಲ ಮಂಡಿಗೆ ಮುಲಾಮು ಕೂಡ ಹಚ್ಚಿದಳು. ಎಲ್ಲ ಮರ್ಯಾದೆಯಿಂದಲೇ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ರೆಡ್ಡುವಿನ ಬೆರಳು ಮೇಜಿನ ಮೇಲೆ ಮತ್ತೆ ಟಕ್ ಟಕ್ ಶುರು ಮಾಡಿತು.

ಕೊನೆಗೆ ದೊಡ್ಡಮ್ಮ ಬಂದರು. ಹುಡುಗಿಯ ಬಟ್ಟೆಗಳನ್ನೆಲ್ಲ ರೆಡ್ಡುವೇ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಸೂಟ್‌ಕೇಸಿಗೆ ತುಂಬಿದ್ದಳು. ಅಷ್ಟು ನೀಟಾದ ಮಡಿಕೆಯನ್ನು ನಮ್ಮ ಸೂಪರ್‌ವೈಸರ್ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಸಂಜೆಯ ಬಸ್ಸಿಗೆ ಹೊರಡುವುದಾದರೆ ಹೊರಡುವುದು ಎಂದು ಮಾತಾಗಿತ್ತು. ಯಾರೂ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹುಡುಗಿ, "ಒಂದು ಆಟ ಆಡಿ ಬರ್ತೀನಿ" ಎಂದು ಕೆಳಗಿಳಿದಳು. ಡ್ರೈವರ್ ಕಿಟಕಿಯ ಕಡೆ ಮುಖ ಮಾಡಿ ಕೂತ. ದೊಡ್ಡಮ್ಮ ಸೂಟ್‌ಕೇಸು ಎತ್ತಿಕೊಂಡು ಕೆಳಗೆ ಬಂದು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ನಾನು ಬೀಳ್ಕೊಡಲು ಬಂದವಳು ಅವರ ಪಕ್ಕ ಕೂತೆ.

ರೆಡ್ಡುವೂ ಬಂದಳು. ಸುಮ್ಮನೆ ಬಂದು ಪುಟ್ಟಿಯ ಪಕ್ಕ ನಿಲ್ಲುವ ಬದಲು ಸೀದಾ ದೊಡ್ಡ ಹುಡುಗಿಯ ಮುಂದೆ ನಿಂತಳು.

"ಇವತ್ತು ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ."

"ಔಟ್ ಆಗ್ತೀರಾ ಆಂಟಿ."

"ಆಗ್ಲಿ."

ಅವಳ ಧ್ವನಿ ನಡುಗುತ್ತಿತ್ತು. ಕೇರಂ ಫೈನಲಿನಲ್ಲೂ ನಡುಗದ ಹೆಂಗಸು. ಸರದಿ ಬಂತು, ಬಿಲ್ಲೆ ಎಸೆದಳು, ಕುಂಟಿದಳು. ಬಿಟ್ಟೂ ಬಿಡದೆ ಕುಂಟಿದಳು, ಆ ತುದಿ ಮುಟ್ಟಿ ತಿರುಗಿದಳು, ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ಬಗ್ಗಿ ಬಿಲ್ಲೆ ಎತ್ತಿಕೊಂಡು ಕೊನೆಯ ಮನೆಯಿಂದ ಹೊರಗೆ ಹಾರಿದಳು. ಎರಡೂ ಕೈ ಮೇಲೆತ್ತಿ, "ಬಂದೆ!" ಎಂದು ಕಿರುಚಿದಳು.

"ಇಲ್ಲ! ಗೆರೆ ತುಳಿದೆ!"

ಕೂಗಿದ್ದು ಡ್ರೈವರ್ ಮಗಳು. ಮುಂದೆ ನುಗ್ಗಿ ಬಂದು ನೆಲ ತೋರಿಸಿದಳು. "ನೋಡು ಇಲ್ಲಿ, ಸುಣ್ಣ ಅಳಿಸಿದೆ! ನೀನು ಹಿಮ್ಮಡಿ ಇಟ್ಟೆ!"

"ಎಲ್ಲೇ ತುಳಿದೆ? ಅದು ಮೊದಲೇ ಅಳಿಸಿತ್ತು!"

"ಸುಳ್ಳು! ನೀನು ಔಟು! ಕಳ್ಳಾಟ ಆಡ್ಬೇಡ!"

"ನಾನು ಕಳ್ಳಾಟಾನಾ? ನನ್ನ ಜನ್ಮದಲ್ಲೇ..."

ಜಗಳ ಎಂದರೆ ಜಗಳ. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಿತ್ತಾಡುತ್ತಿದ್ದರು. ರೆಡ್ಡುವಿಗೆ ಆ 'ನೀನು' ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ಗೆಲ್ಲುವ ಹಟದಲ್ಲಿದ್ದಳು. ಕೇಳಿಸಿದ್ದು ನಮಗೆ. ನನ್ನ ಪಕ್ಕದಲ್ಲಿ ದೊಡ್ಡಮ್ಮನ ಕೈ ಸೂಟ್‌ಕೇಸಿನ ಹಿಡಿಯ ಮೇಲೆ ಹಾಗೇ ನಿಂತಿತ್ತು.

"ನನ್ನ ತಂಗಿ ಜೊತೆ ಹೀಗೇ ಕಿತ್ತಾಡೋಳು," ಎಂದರು, ತಮಗೆ ತಾವೇ ಎಂಬಂತೆ. ಆಮೇಲೆ ಧ್ವನಿ ಎತ್ತಿ, "ಕಂದಾ, ಬಸ್ಸಿಗೆ ಹೊತ್ತಾಯ್ತು. ಹೊರಡೋಣ್ವಾ?"

ಹುಡುಗಿ ತಿರುಗಿಯೂ ನೋಡಲಿಲ್ಲ.

"ನೀವು ಹೋಗಿ ದೊಡ್ಡಮ್ಮ, ನಾನು ಬರಲ್ಲ. ಇವಳು ಮೋಸ ಮಾಡ್ತಿದ್ದಾಳೆ!"

ಈಗ ರೆಡ್ಡುವಿಗೂ ಕೇಳಿಸಿತು. ಅವಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ನನ್ನ ಕಡೆ ತಿರುಗಿದಳು. "ನೀನೇ ಹೇಳೇ, ನೀನು ನೋಡ್ತಿದ್ದೆಯಲ್ಲ. ತುಳಿದ್ನಾ?"

ನಾನು ಅವಳ ಜೋಡಿ. ಇಷ್ಟು ವರ್ಷ ಯಾವ ಬೋರ್ಡಿನಲ್ಲೂ ಅವಳ ವಿರುದ್ಧ ಮಾತಾಡಿದವಳಲ್ಲ.

"ತುಳಿದೆ ಕಣೇ," ಎಂದೆ. "ಚೆನ್ನಾಗೇ ತುಳಿದೆ. ನೀನು ಔಟು."

ಅವಳ ಮುಖ ಕೆಂಪೇ ಕೆಂಪಾಯಿತು. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ದೊಡ್ಡಮ್ಮ ಸೂಟ್‌ಕೇಸನ್ನು ನನ್ನ ಕೈಗೆ ಕೊಟ್ಟು, "ಮೇಲೆ ಇಟ್ಟುಬಿಡಿ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ನಾನು ಅದನ್ನು ಹಿಡಿದುಕೊಂಡೇ ನಿಂತೆ, ಮಿಕ್ಕ ಆಟ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ.

ರೆಡ್ಡು ಔಟಾದವರು ಕೂರುವ ಮೆಟ್ಟಿಲಿನ ಹತ್ತಿರ ಹೋದಳು. ಕೂರಲಿಲ್ಲ. ಅತ್ತ ಹೆಜ್ಜೆ, ಇತ್ತ ಹೆಜ್ಜೆ, ಸೆರಗು ಬಿಚ್ಚುವುದು, ಮತ್ತೆ ಸಿಕ್ಕಿಸುವುದು.

"ನನ್ನ ಸರದಿ ಮತ್ತೆ ಯಾವಾಗ?"

ಹುಡುಗಿ ಅಳಿಸಿದ ಗೆರೆಯ ಮೇಲೆ ಸೀಮೆಸುಣ್ಣ ತೀಡುತ್ತ, ತಲೆಯೆತ್ತದೆ ಹೇಳಿದಳು:

"ಎಲ್ಲರದ್ದೂ ಆದ್ಮೇಲೆ. ಅಲ್ಲೀವರೆಗೂ ಸುಮ್ನೆ ಕೂತ್ಕೋ."

ರೆಡ್ಡು ಕೂತಳು.